ಒಂಟಿಯಾಗಿ ಆಡಬೇಕೆ, ಎಲ್ಲರ ನಡುವೆ ಆಡಬೇಕೆ: ಆನ್‌ಲೈನ್ ಆಟಗಳಲ್ಲಿ ಮೋಡ್ ಆರಿಸುವ ಕ್ರಮ

ಆನ್‌ಲೈನ್ ಆಟವೊಂದನ್ನು ಮೊದಲ ಬಾರಿಗೆ ತೆರೆದಾಗ, ಅದರ ನಿಯಮಗಳಾಗಲಿ ಗುಂಡಿಗಳಾಗಲಿ ಇನ್ನೂ ಪರಿಚಯವಾಗದ ಹೊತ್ತಿನಲ್ಲೇ ಪರದೆಯ ಮೇಲೆ ಒಂದು ಪ್ರಶ್ನೆ ಎದುರಾಗುತ್ತದೆ: ಸೋಲೋ, ಅಂದರೆ ಒಬ್ಬರೇ ಆಡುವಿರೋ, ಗೆಳೆಯರ ಗುಂಪಿನೊಡನೆ ಆಡುವಿರೋ, ಅಪರಿಚಿತರೂ ಇರುವ ಓಪನ್‌ಗೆ ಹೋಗುವಿರೋ? ಉತ್ತರಿಸಲು ಬೇಕಾದ ತಿಳಿವಳಿಕೆ ಯಾವುದೂ ಇಲ್ಲದ ಆ ಗಳಿಗೆಯಲ್ಲಿ ಬಹಳ ಮಂದಿ ಅಂದಾಜಿನ ಮೇಲೆ ಒಂದು ಗುಂಡಿ ಒತ್ತಿ, ಆಮೇಲೆ ಅಭ್ಯಾಸಬಲದಿಂದ ತಿಂಗಳುಗಟ್ಟಲೆ ಅದೇ ಮೋಡ್‌ನಲ್ಲಿ ಉಳಿದುಬಿಡುತ್ತಾರೆ. ಕೆಲವರು ಅಪರಿಚಿತರ ಕೈಯಲ್ಲಿ ಎರಡು ಬಾರಿ ಸುಲಿಗೆಗೊಳಗಾಗಿ ಆಟವನ್ನೇ ಬಿಡುತ್ತಾರೆ. ಇನ್ನು ಕೆಲವರು ಸೋಲೋದಲ್ಲಿ ಒಬ್ಬರೇ ಅಲೆದು ಬೇಸತ್ತು, ಆಟವೇ ನೀರಸವೆಂದು ತೀರ್ಮಾನಿಸುತ್ತಾರೆ. ಇಬ್ಬರಿಗೂ ಆಟ ಒಗ್ಗದೆ ಹೋಯಿತೆಂದು ಹೇಳುವುದಕ್ಕಿಂತ, ಆ ದಿನಕ್ಕೆ ಒಗ್ಗದ ಮೋಡ್‌ನಲ್ಲಿ ಆಡಿದರೆಂದು ಹೇಳುವುದು ಹೆಚ್ಚು ಸರಿಯಾದೀತು. ಮೋಡ್‌ನ ಆಯ್ಕೆಯು ಆಟಗಾರನ ಸ್ವಭಾವಕ್ಕೆ ಅಂಟಿದ ಹಣೆಪಟ್ಟಿಯಲ್ಲ, ಪ್ರತಿ ಸಲ ಆಟಕ್ಕೆ ಕೂರುವ ಮುನ್ನ ಹೊಸದಾಗಿ ಮಾಡಬಹುದಾದ ಸಣ್ಣ ತೀರ್ಮಾನ ಎಂಬ ತಿಳಿವಳಿಕೆಯ ಮೇಲೆ ಈ ಲೇಖನದ ಸಲಹೆಗಳೆಲ್ಲ ನಿಂತಿವೆ.

ಮೊದಲ ಹೆಜ್ಜೆ: ‘ಸೋಲೋ’ ಎಂಬ ಮಾತಿಗೆ ಆ ಆಟ ಕೊಡುವ ಅರ್ಥವನ್ನು ತಿಳಿಯಿರಿ

ಸೋಲೋ ಎಂದರೆ ಆಫ್‌ಲೈನ್ ಎಂದು ಭಾವಿಸುವುದು ಅತಿ ಸಾಮಾನ್ಯವಾದ ತಪ್ಪು. 2014ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ‘ಎಲೀಟ್ ಡೇಂಜರಸ್’ ಎಂಬ ಬಾಹ್ಯಾಕಾಶದ ಆಟವನ್ನು ನೋಡಿ. ಅದರಲ್ಲಿ ಓಪನ್, ಖಾಸಗಿ ಗುಂಪು, ಸೋಲೋ ಎಂಬ ಮೂರು ಬಾಗಿಲುಗಳಿವೆ. ಸೋಲೋ ಆರಿಸಿದರೆ ನಿಮಗೆ ಇತರ ಆಟಗಾರರ ಹಡಗುಗಳು ಕಾಣುವುದಿಲ್ಲ, ನಿಮ್ಮ ಹಡಗು ಅವರಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳ ಆ ಗ್ಯಾಲಕ್ಸಿ ಮೂರೂ ಮೋಡ್‌ಗಳಿಗೆ ಒಂದೇ. ಸೋಲೋದಲ್ಲಿ ಕುಳಿತವರು ನಡೆಸಿದ ವ್ಯಾಪಾರವೂ ಮುಗಿಸಿದ ಕಾರ್ಯಗಳೂ ಓಪನ್‌ನಲ್ಲಿರುವವರು ನೋಡುವ ಮಾರುಕಟ್ಟೆಯನ್ನು, ಅಲ್ಲಿನ ಬಣಗಳ ಬಲಾಬಲವನ್ನು ಬದಲಿಸುತ್ತವೆ. ಇದೆಲ್ಲ ಸರ್ವರ್‌ನಲ್ಲಿ ನಡೆಯುವುದರಿಂದ ಇಂಟರ್‌ನೆಟ್ ಇಲ್ಲದೆ ಸೋಲೋ ಕೂಡ ತೆರೆಯುವುದಿಲ್ಲ. ಮೊದಲು ಭರವಸೆ ಕೊಟ್ಟಿದ್ದ ಪೂರ್ಣ ಆಫ್‌ಲೈನ್ ಆಟವನ್ನು ತಯಾರಕರು ಬಿಡುಗಡೆಗೆ ಕೆಲವೇ ವಾರ ಮುನ್ನ, ಅದೇ ವರ್ಷದ ನವೆಂಬರ್‌ನಲ್ಲಿ, ಕೈಬಿಟ್ಟರು. ಅದನ್ನೇ ನಂಬಿ ಮುಂಗಡವಾಗಿ ಹಣ ಕೊಟ್ಟಿದ್ದವರು ಸಿಟ್ಟಾದದ್ದು ಸಹಜವೇ ಆಗಿತ್ತು.

ಇದಕ್ಕೆ ತದ್ವಿರುದ್ಧವಾಗಿ ‘ಮೈನ್‌ಕ್ರಾಫ್ಟ್’ನ ಒಂಟಿ ಆಟದ ಜಗತ್ತು ನಿಮ್ಮದೇ ಕಂಪ್ಯೂಟರಿನ ಒಂದು ಫೋಲ್ಡರ್‌ನಲ್ಲಿ ಇರುತ್ತದೆ. ಅದನ್ನು ನಕಲು ಮಾಡಬಹುದು, ಹಳೆಯ ಪ್ರತಿಗೆ ಮರಳಬಹುದು, ಬಯಸಿದಾಗ ಮನೆಯ ಜಾಲದಲ್ಲಿರುವ ಇನ್ನೊಬ್ಬರಿಗೆ ತೆರೆಯಬಹುದು. ಎರಡೂ ಆಟಗಳು ‘ಒಬ್ಬರೇ ಆಡುವುದು’ ಎಂದೇ ಹೇಳಿದರೂ ಅವು ಕೊಡುವುದು ಬೇರೆ ಬೇರೆ ಸಂಗತಿ.

ಆದ್ದರಿಂದ ಯಾವ ಆಟವಾದರೂ ಸರಿ, ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು. ಈ ಮೋಡ್‌ನಲ್ಲಿ ನನಗೆ ಯಾರು ಕಾಣುತ್ತಾರೆ, ನಾನು ಯಾರಿಗೆ ಕಾಣುತ್ತೇನೆ? ನನ್ನ ಪಾತ್ರ ಮತ್ತು ಗಳಿಕೆಯ ಲೆಕ್ಕ ಎಲ್ಲಿ ಉಳಿಯುತ್ತದೆ, ನನ್ನ ಯಂತ್ರದಲ್ಲೋ ಕಂಪನಿಯ ಸರ್ವರ್‌ನಲ್ಲೋ? ಒಂದು ಮೋಡ್‌ನಲ್ಲಿ ಗಳಿಸಿದ್ದು ಇನ್ನೊಂದಕ್ಕೆ ಬರುತ್ತದೆಯೇ?

ಮೂರನೆಯ ಪ್ರಶ್ನೆಯನ್ನು ಕೇಳಿಕೊಳ್ಳುವವರು ಕಡಿಮೆ, ಆದರೆ ತಡವಾಗಿ ಕೇಳಿದರೆ ಹೆಚ್ಚು ನೋಯಿಸುವುದು ಅದೇ. ‘ಎಲೀಟ್’ನಲ್ಲಿ ಕಮಾಂಡರ್, ಅಂದರೆ ನಿಮ್ಮ ಪಾತ್ರ, ಒಬ್ಬನೇ; ಮೂರು ಬಾಗಿಲುಗಳಲ್ಲಿ ಯಾವುದರಿಂದ ಬೇಕಾದರೂ ಒಳಗೆ ಬರಬಹುದು. ‘ವ್ಯಾಲ್‌ಹೈಮ್’ನಲ್ಲಿ ನಿಮ್ಮ ಪಾತ್ರವು ತನ್ನ ಕೌಶಲ ಮತ್ತು ಕೈಚೀಲದ ಸಾಮಾನಿನೊಂದಿಗೆ ಒಂದು ಜಗತ್ತಿನಿಂದ ಮತ್ತೊಂದಕ್ಕೆ ನಡೆದುಹೋಗಬಹುದು. ‘ಡಯಾಬ್ಲೊ 2 ರಿಸರೆಕ್ಟೆಡ್’ನಲ್ಲಾದರೋ ಆಫ್‌ಲೈನ್ ಎಂದು ಸೃಷ್ಟಿಸಿದ ಪಾತ್ರ ಎಂದೆಂದಿಗೂ ಆಫ್‌ಲೈನ್, ನೂರು ಗಂಟೆ ಬೆಳೆಸಿದ ಮೇಲೆ ಗೆಳೆಯರು ಕರೆದರೆ ಮೊದಲ ಹಂತದಿಂದ ಹೊಸ ಪಾತ್ರವನ್ನೇ ಆರಂಭಿಸಬೇಕು. ಅಂತಹ ಆಟಗಳಲ್ಲಿ, ಮುಂದೆಂದಾದರೂ ಯಾರೊಡನೆಯಾದರೂ ಆಡುವ ಸಾಧ್ಯತೆ ಎಳ್ಳಷ್ಟಿದ್ದರೂ, ಆನ್‌ಲೈನ್ ಪಾತ್ರವನ್ನು ಸೃಷ್ಟಿಸಿ ಅದರಲ್ಲೇ ಒಬ್ಬರೇ ಆಡುವುದು ಜಾಣತನ.

ಸರ್ವರ್‌ನ ಪ್ರಶ್ನೆಯೂ ಸಣ್ಣದಲ್ಲ. 2012ರ ಮೇ 15ರಂದು ‘ಡಯಾಬ್ಲೊ 3’ ಬಿಡುಗಡೆಯಾದಾಗ, ಒಬ್ಬರೇ ಆಡಲೆಂದು ಕೊಂಡವರು ಸಹ ಸರ್ವರ್‌ನ ದಟ್ಟಣೆಯಿಂದಾಗಿ ‘ಎರರ್ 37’ ಎಂಬ ಸಂದೇಶವನ್ನು ನೋಡುತ್ತ ಕೂರಬೇಕಾಯಿತು. 2013ರ ‘ಸಿಮ್‌ಸಿಟಿ’ಗೂ ಅದೇ ಗತಿ; ಆಫ್‌ಲೈನ್‌ನಲ್ಲಿ ಊರು ಕಟ್ಟುವ ಅವಕಾಶ ಅದಕ್ಕೆ ಬಂದದ್ದು ಒಂದು ವರ್ಷದ ನಂತರ, 2014ರ ಮಾರ್ಚ್‌ನಲ್ಲಿ. ಕಾರು ಓಡಿಸುವ ‘ದ ಕ್ರೂ’ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ಮುಚ್ಚಿದಾಗ, ಒಬ್ಬರೇ ಆಡಬಹುದಾಗಿದ್ದ ಅದರ ಕಥೆಯ ಭಾಗವೂ ಸೇರಿದಂತೆ ಇಡೀ ಆಟ ನಿಂತುಹೋಯಿತು. ಕೊಳ್ಳುವ ಪುಟದಲ್ಲಿ ‘ನಿರಂತರ ಇಂಟರ್‌ನೆಟ್ ಸಂಪರ್ಕ ಅಗತ್ಯ’ ಎಂಬ ಸಾಲು ಇದೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು. ಆ ಸಾಲು ಇದ್ದರೆ ನೀವು ಆರಿಸುವ ಸೋಲೋ ಕೇವಲ ಏಕಾಂತದ ಸೋಲೋ, ಸ್ವಾತಂತ್ರ್ಯದ ಸೋಲೋ ಅಲ್ಲ.

ಎರಡನೆಯ ಹೆಜ್ಜೆ: ಸೋತರೆ ಏನು ಹೋಗುತ್ತದೆಂದು ಲೆಕ್ಕ ಹಾಕಿ

ಓಪನ್ ಅಪಾಯಕಾರಿ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಎಷ್ಟು ಅಪಾಯಕಾರಿ ಎಂಬುದನ್ನು ಅಳೆಯುವವರು ಕಡಿಮೆ. ಪ್ರತಿ ಪಂದ್ಯವೂ ಹೊಸದಾಗಿ ಆರಂಭವಾಗುವ ಶೂಟಿಂಗ್ ಆಟಗಳಲ್ಲಿ ಸೋತರೆ ಹೋಗುವುದು ಆ ಪಂದ್ಯದ ಹದಿನೈದು ಇಪ್ಪತ್ತು ನಿಮಿಷ ಮಾತ್ರ. ಮುಂದುವರಿಯುತ್ತಲೇ ಇರುವ ಜಗತ್ತುಗಳಲ್ಲಿ ಲೆಕ್ಕ ಬೇರೆ. ‘ಆಲ್ಬಿಯನ್ ಆನ್‌ಲೈನ್’ ತನ್ನ ನಕ್ಷೆಯ ವಲಯಗಳಿಗೆ ಬಣ್ಣ ಕೊಟ್ಟಿದೆ: ನೀಲಿ, ಹಳದಿ ವಲಯಗಳಲ್ಲಿ ಪೆಟ್ಟು ತಿಂದು ಬಿದ್ದರೂ ಮೈಮೇಲಿನ ಸಾಮಾನು ಉಳಿಯುತ್ತದೆ, ಕೆಂಪು, ಕಪ್ಪು ವಲಯಗಳಲ್ಲಿ ಕೊಂದವನ ಪಾಲಾಗುತ್ತದೆ. 2003ರಿಂದ ನಡೆಯುತ್ತಿರುವ ‘ಈವ್ ಆನ್‌ಲೈನ್’ನಲ್ಲಿ ಸೋಲೋ ಎಂಬ ಬಾಗಿಲೇ ಇಲ್ಲ. ಅಲ್ಲಿ ಪ್ರತಿ ನಕ್ಷತ್ರ ವ್ಯವಸ್ಥೆಗೂ ಭದ್ರತೆಯ ಅಂಕವಿದೆ, 0.5 ಮತ್ತು ಅದಕ್ಕಿಂತ ಹೆಚ್ಚು ಅಂಕದ ಕಡೆ ದಾಳಿ ಮಾಡಿದವರನ್ನು ‘ಕಾಂಕಾರ್ಡ್’ ಎಂಬ ಪೊಲೀಸ್ ಪಡೆ ನಾಶಮಾಡುತ್ತದೆ. ಗಮನಿಸಿ, ಅದು ದಾಳಿಯನ್ನು ತಡೆಯುವುದಿಲ್ಲ, ದಾಳಿಕೋರನನ್ನು ದಂಡಿಸುತ್ತದೆ ಅಷ್ಟೇ. ತಮ್ಮ ಅಗ್ಗದ ಹಡಗು ಹೋದರೆ ಹೋಗಲಿ ಎಂದು ದುಬಾರಿ ಸರಕಿನ ಹಡಗನ್ನು ಒಡೆಯುವವರು ಅಲ್ಲಿ ಇದ್ದೇ ಇರುತ್ತಾರೆ.

ನಾಣ್ಯಗಳಲ್ಲಿ ಲೆಕ್ಕ ಹಾಕುವುದಕ್ಕಿಂತ ಗಂಟೆಗಳಲ್ಲಿ ಲೆಕ್ಕ ಹಾಕುವುದು ಒಳ್ಳೆಯದು, ಏಕೆಂದರೆ ಆಟದ ನಾಣ್ಯಕ್ಕೆ ಬೆಲೆಯಿಲ್ಲ, ನಿಮ್ಮ ಗಂಟೆಗಿದೆ. ‘ಎಲೀಟ್’ನಲ್ಲಿ ಹಡಗು ನಾಶವಾದರೆ ಸಾಮಾನ್ಯವಾಗಿ ಅದರ ಬೆಲೆಯ ಶೇ. 5ರಷ್ಟನ್ನು ಕಟ್ಟಿ ಅದೇ ಹಡಗನ್ನು ಮರಳಿ ಪಡೆಯಬಹುದು, ಆದರೆ ಒಳಗಿದ್ದ ಸರಕಿಗೆ ವಿಮೆಯಿಲ್ಲ. ಹತ್ತು ಕೋಟಿ ಕ್ರೆಡಿಟ್ ಬೆಲೆಯ ಹಡಗಿನಲ್ಲಿ ಒಂದೂವರೆ ಕೋಟಿಯ ಸರಕಿದೆ ಎಂದುಕೊಳ್ಳಿ. ನಾಶವಾದರೆ ಐವತ್ತು ಲಕ್ಷ ಮರುಖರೀದಿಗೆ, ಒಂದೂವರೆ ಕೋಟಿ ಸರಕಿಗೆ, ಒಟ್ಟು ಎರಡು ಕೋಟಿ ಹೋಯಿತು. ನೀವು ಗಂಟೆಗೆ ಒಂದು ಕೋಟಿ ಗಳಿಸುವವರಾದರೆ ನಷ್ಟ ಎರಡು ಗಂಟೆ. ಎರಡು ಗಂಟೆ ಕಳೆದರೂ ಪರವಾಗಿಲ್ಲ, ಎದುರಾಗುವವರು ಯಾರೆಂಬ ಕುತೂಹಲವೇ ನನಗೆ ಮುಖ್ಯ ಎನ್ನಿಸಿದರೆ ಓಪನ್. ಎದೆ ಧಸಕ್ಕೆಂದರೆ ಸೋಲೋ.

ಇನ್ನೊಂದು ನಷ್ಟ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದೇ ಆಟದಲ್ಲಿ ಅನ್ವೇಷಣೆಗೆ ಹೊರಟವರು ವಾರಗಟ್ಟಲೆ ದೂರದ ನಕ್ಷತ್ರಗಳನ್ನು ಅಳೆದು ಸಂಗ್ರಹಿಸಿದ ಮಾಹಿತಿ, ಮಾರುವ ಮುನ್ನ ಹಡಗು ನಾಶವಾದರೆ ಪೂರ್ತಿ ಅಳಿಸಿಹೋಗುತ್ತದೆ; ಯಾವ ಶುಲ್ಕ ಕಟ್ಟಿದರೂ ಮರಳದು. ಆದುದರಿಂದ ಅನುಭವಿ ಅನ್ವೇಷಕರು ಯಾರೂ ಇಲ್ಲದ ದೂರದಲ್ಲಿ ಧೈರ್ಯವಾಗಿ ಓಪನ್‌ನಲ್ಲಿ ಅಲೆದು, ಜನನಿಬಿಡ ವ್ಯವಸ್ಥೆಗೆ ಮರಳುವ ಕೊನೆಯ ಹತ್ತು ನಿಮಿಷಕ್ಕೆ ಮಾತ್ರ ಸೋಲೋಗೆ ಬದಲಾಗುತ್ತಾರೆ. ಇದನ್ನು ಮೋಸ ಎನ್ನುವವರೂ ಇದ್ದಾರೆ. ಆಟವೇ ಬಾಗಿಲು ಇಟ್ಟಿರುವಾಗ ಅದನ್ನು ಬಳಸುವುದರಲ್ಲಿ ಮೋಸವೇನಿದೆಯೋ ನನಗೆ ಕಾಣದು.

ಮೂರನೆಯ ಹೆಜ್ಜೆ: ಇಂದು ನಿಮ್ಮ ಕೈಯಲ್ಲಿ ಎಂತಹ ಸಮಯವಿದೆ ಎಂದು ನೋಡಿಕೊಳ್ಳಿ

ಎಷ್ಟು ಸಮಯವಿದೆ ಎಂಬುದಕ್ಕಿಂತ ಎಂತಹ ಸಮಯವಿದೆ ಎಂಬುದು ಮುಖ್ಯ. ನಡುವೆ ಯಾರಾದರೂ ಕರೆಯಬಹುದಾದ, ಮಗು ಎಚ್ಚರಗೊಳ್ಳಬಹುದಾದ, ಕೆಲಸದ ಫೋನ್ ಬರಬಹುದಾದ ಎರಡು ಗಂಟೆಗಿಂತ, ಯಾರೂ ಎಬ್ಬಿಸದ ನಲವತ್ತು ನಿಮಿಷ ಓಪನ್ ಆಟಕ್ಕೆ ಹೆಚ್ಚು ಯೋಗ್ಯ. ಹಂಚಿಕೊಂಡ ಜಗತ್ತನ್ನು ಒಬ್ಬರಿಗಾಗಿ ನಿಲ್ಲಿಸಲು ಬರುವುದಿಲ್ಲ. ತಂಡವಾಗಿ ಆಡುವ ಪಂದ್ಯವನ್ನು ಅರ್ಧಕ್ಕೆ ಬಿಟ್ಟೆದ್ದರೆ ಉಳಿದವರ ಆಟವೂ ಕೆಡುತ್ತದೆ, ಅನೇಕ ಆಟಗಳು ಹಾಗೆ ಎದ್ದುಹೋದವರನ್ನು ಕೆಲಕಾಲ ಮುಂದಿನ ಪಂದ್ಯಕ್ಕೆ ಸೇರಿಸುವುದಿಲ್ಲ.

ಸೋಲೋ ಎಂದೊಡನೆ ಆಟವನ್ನು ನಿಲ್ಲಿಸಬಹುದು ಎಂದೂ ಎಣಿಸಬಾರದು. ‘ಮೈನ್‌ಕ್ರಾಫ್ಟ್’ನ ಕಂಪ್ಯೂಟರ್ ಆವೃತ್ತಿಯಲ್ಲಿ ಒಬ್ಬರೇ ಇದ್ದಾಗ ಮೆನು ತೆರೆದರೆ ಜಗತ್ತು ನಿಲ್ಲುತ್ತದೆ, ಅದನ್ನೇ ಮನೆಯ ಜಾಲಕ್ಕೆ ತೆರೆದ ಮರುಕ್ಷಣದಿಂದ ನಿಲ್ಲುವುದಿಲ್ಲ. ‘ಎಲ್ಡನ್ ರಿಂಗ್’ನಲ್ಲಿ ಆಫ್‌ಲೈನ್ ಆಡುವಾಗಲೂ ಮೆನು ತೆರೆದು ಕುಳಿತರೆ ಶತ್ರು ಬಂದು ಹೊಡೆಯುತ್ತಾನೆ. ಹೊಸ ಆಟದ ಮೊದಲ ಹತ್ತು ನಿಮಿಷದಲ್ಲೇ ಮೆನು ತೆರೆದು, ಹಿನ್ನೆಲೆಯಲ್ಲಿ ಹುಲ್ಲು ಅಲುಗಾಡುತ್ತಿದೆಯೇ ಎಂದು ನೋಡಿಬಿಡುವುದು ಇದನ್ನು ತಿಳಿಯುವ ಸುಲಭ ಉಪಾಯ.

ದಣಿವಿನ ಬಗ್ಗೆಯೂ ಒಂದು ಮಾತು. ದಿನವಿಡೀ ಜನರೊಡನೆ ವ್ಯವಹರಿಸಿ ಬಂದವರು ಸಂಜೆ ಮತ್ತೆ ಮೂವತ್ತು ಅಪರಿಚಿತರಿರುವ ಲಾಬಿಗೆ ಇಳಿಯಲೇಬೇಕೆಂಬ ನಿಯಮವಿಲ್ಲ. ಇಡೀ ದಿನ ಒಬ್ಬರೇ ಕೆಲಸ ಮಾಡಿದವರಿಗೆ ಸೋಲೋ ಆಟ ಆ ಒಂಟಿತನದ ಮುಂದುವರಿಕೆಯಂತೆ ಕಾಣಬಹುದು.

ನಾಲ್ಕನೆಯ ಹೆಜ್ಜೆ: ಸಂಪರ್ಕವನ್ನೂ ಚಂದಾವನ್ನೂ ಪರೀಕ್ಷಿಸಿ

ಇದು ಬೇಗ ಮುಗಿಯುವ ಕೆಲಸ. ಆಟಕ್ಕೆ ಡೌನ್‌ಲೋಡ್‌ನ ವೇಗಕ್ಕಿಂತ ಪಿಂಗ್, ಅಂದರೆ ನಿಮ್ಮ ಆಜ್ಞೆ ಸರ್ವರ್‌ಗೆ ಹೋಗಿ ಉತ್ತರ ಬರಲು ಹಿಡಿಯುವ ಸಮಯ, ಮುಖ್ಯವಾದದ್ದು. 50 ಮಿಲಿಸೆಕೆಂಡ್‌ಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 150 ದಾಟಿದರೆ ಎದುರಾಳಿಯೊಡನೆ ನೇರವಾಗಿ ಕಾದಾಡುವ ಆಟಗಳಲ್ಲಿ ಹಿನ್ನಡೆ ಖಚಿತ. ಅಂಕಿ ಕ್ಷಣಕ್ಷಣಕ್ಕೂ ಏರಿಳಿದರೆ ಅದು ಇನ್ನೂ ಕೆಟ್ಟದ್ದು. ಅಂತಹ ದಿನ ಸೋಲೋ ಆಡಿ. ಗೇಮಿಂಗ್ ಕನ್ಸೋಲ್‌ಗಳಲ್ಲಿ ಹಣ ಕೊಟ್ಟು ಕೊಂಡ ಆಟವನ್ನು ಇತರರೊಡನೆ ಆನ್‌ಲೈನ್ ಆಡಲು ಸಾಮಾನ್ಯವಾಗಿ ಪ್ರತ್ಯೇಕ ಚಂದಾ ಬೇಕಾಗುತ್ತದೆ, ಒಬ್ಬರೇ ಆಡಲು ಬೇಕಾಗುವುದಿಲ್ಲ. ಉಚಿತವಾಗಿ ಸಿಗುವ ಅನೇಕ ಆಟಗಳಿಗೆ ಈ ಚಂದಾದಿಂದ ವಿನಾಯಿತಿಯಿದೆ. ಕಂಪ್ಯೂಟರಿನಲ್ಲಿ ಆಡುವವರಿಗೆ ಈ ಚಂದಾದ ತೊಡಕು ಹೆಚ್ಚಾಗಿ ಇರುವುದಿಲ್ಲ.

ಐದನೆಯ ಹೆಜ್ಜೆ: ಮೋಡ್‌ಗಳ ನಡುವೆ ಪ್ರತಿಫಲದ ವ್ಯತ್ಯಾಸವಿದೆಯೇ ಎಂದು ವಿಚಾರಿಸಿ

ಅಪಾಯ ಹೊರುವವರಿಗೆ ಹೆಚ್ಚು ಕೊಡಬೇಕು ಎಂಬ ವಾದ ಆನ್‌ಲೈನ್ ಆಟಗಳಷ್ಟೇ ಹಳೆಯದು, ಪ್ರತಿ ಆಟವೂ ಅದನ್ನು ತನ್ನದೇ ರೀತಿಯಲ್ಲಿ ಬಗೆಹರಿಸಿದೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಲ್ಲಿ ಬಹುಕಾಲ ಆಟಗಾರರು ಪರಸ್ಪರ ಕಾದಾಡುವ ಸರ್ವರ್‌ಗಳೇ ಬೇರೆ ಇದ್ದವು, 2018ರಲ್ಲಿ ಅವುಗಳನ್ನು ತೆಗೆದು ‘ವಾರ್ ಮೋಡ್’ ಎಂಬ ಸ್ವಿಚ್ ಇಟ್ಟರು. ಅದನ್ನು ಹಾಕಿಕೊಂಡವರಿಗೆ ಅನುಭವದ ಅಂಕಗಳಲ್ಲಿ ಹೆಚ್ಚುವರಿ ಸಿಗುತ್ತದೆ, ಆದರೆ ಎಲ್ಲೆಂದರಲ್ಲಿ ಹಾಕಿಕೊಳ್ಳಲು ಬರುವುದಿಲ್ಲ, ನಿಗದಿತ ಮುಖ್ಯ ನಗರಕ್ಕೆ ಹೋಗಬೇಕು. ಕಡಲುಗಳ್ಳರ ಆಟವಾದ ‘ಸೀ ಆಫ್ ಥೀವ್ಸ್’ 2018ರಲ್ಲಿ ಬಂದಾಗ ಅದರಲ್ಲಿ ಇತರರಿಂದ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. 2023ರ ಡಿಸೆಂಬರ್‌ನಲ್ಲಿ ‘ಸೇಫರ್ ಸೀಸ್’ ಎಂಬ ಖಾಸಗಿ ಸಮುದ್ರವನ್ನು ತೆರೆದಾಗ, ಅಲ್ಲಿ ಸಿಗುವ ಚಿನ್ನವನ್ನು ಶೇ. 30ಕ್ಕೆ ಇಳಿಸಿ, ವ್ಯಾಪಾರಿ ಕಂಪನಿಗಳಲ್ಲಿ 40ನೆಯ ಹಂತಕ್ಕಿಂತ ಮೇಲೇರದಂತೆ ಮಿತಿ ಹಾಕಲಾಯಿತು. ‘ಜಿಟಿಎ ಆನ್‌ಲೈನ್’ ಇನ್ನೊಂದು ದಿಕ್ಕಿಗೆ ಸಾಗಿತು. 2013ರಲ್ಲಿ ಆರಂಭವಾದ ಆ ಆಟದಲ್ಲಿ ಸರಕು ಮಾರುವ ಕಾರ್ಯಗಳನ್ನು ಬಹುಕಾಲ ಸಾರ್ವಜನಿಕ ಸೆಷನ್‌ನಲ್ಲೇ ಮಾಡಬೇಕಿತ್ತು, ಹಾರುವ ಬೈಕಿನಿಂದ ಯಾರೋ ಒಂದು ಕ್ಷಿಪಣಿ ಬಿಟ್ಟರೆ ಗಂಟೆಗಟ್ಟಲೆಯ ದುಡಿಮೆ ಬೂದಿಯಾಗುತ್ತಿತ್ತು. 2022ರ ಜುಲೈನ ಅಪ್‌ಡೇಟ್ ಅವೇ ಕಾರ್ಯಗಳನ್ನು ಆಹ್ವಾನಿತರಷ್ಟೇ ಇರುವ ಸೆಷನ್‌ನಲ್ಲೂ ಮಾಡಲು ಬಿಟ್ಟಿತು. ಜನರಿರುವ ಸೆಷನ್‌ನಲ್ಲಿ ಮಾರಿದವರಿಗೆ ಸ್ವಲ್ಪ ಬೋನಸ್ ಸಿಗುವುದು ಮಾತ್ರ ಹಾಗೆಯೇ ಉಳಿಯಿತು.

ಇಂತಹ ಅಂಕಿಗಳು ಅಪ್‌ಡೇಟ್‌ನಿಂದ ಅಪ್‌ಡೇಟ್‌ಗೆ ಬದಲಾಗುತ್ತವೆ. ಆದ್ದರಿಂದ ಆಟದೊಳಗೆ ಮೋಡ್ ಆರಿಸುವ ಪರದೆಯಲ್ಲಿರುವ ಸಣ್ಣ ಅಕ್ಷರದ ವಿವರಣೆಯನ್ನು ಪ್ರತಿ ದೊಡ್ಡ ಅಪ್‌ಡೇಟ್ ನಂತರ ಮತ್ತೆ ಓದಿ. ಬೋನಸ್ ನೋಡಿ ಮರುಳಾಗುವ ಮುನ್ನ ಎರಡನೆಯ ಹೆಜ್ಜೆಯ ಲೆಕ್ಕವನ್ನು ನೆನೆಯಿರಿ: ಶೇ. 10ರಷ್ಟು ಹೆಚ್ಚುವರಿ ಗಳಿಕೆಗಾಗಿ ಹತ್ತರಲ್ಲಿ ಎರಡು ಸರಕನ್ನು ಕಳೆದುಕೊಳ್ಳುವವರಿಗೆ ಅದು ಬೋನಸ್ ಅಲ್ಲ.

ಆರನೆಯ ಹೆಜ್ಜೆ: ನಡುವಿನ ದಾರಿಗಳನ್ನು ಹುಡುಕಿ

ಈ ವಿಷಯದಲ್ಲಿ ಆಟಗಾರರ ನಡುವೆ ನಡೆಯುವ ಜಗಳಗಳನ್ನು ಕೇಳಿದರೆ ಜಗತ್ತಿನಲ್ಲಿ ಎರಡೇ ಮೋಡ್‌ಗಳಿವೆ ಎನ್ನಿಸುತ್ತದೆ. ಸೋಲೋದವರು ಹೇಡಿಗಳೆಂದು ಇವರು, ಓಪನ್‌ನವರು ಪುಂಡರೆಂದು ಅವರು. 1997ರಲ್ಲಿ ಬಂದ ‘ಅಲ್ಟಿಮಾ ಆನ್‌ಲೈನ್’ ಈ ಜಗಳವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕಂಡಿತು. ಊರ ಗಡಿ ದಾಟಿದೊಡನೆ ಕೊಲೆಯಾಗುತ್ತಿದ್ದ ಹೊಸಬರು ಆಟ ಬಿಟ್ಟುಹೋಗತೊಡಗಿದಾಗ, 2000ದಲ್ಲಿ ತಯಾರಕರು ಇಡೀ ಜಗತ್ತಿನ ಎರಡನೆಯ ಪ್ರತಿಯನ್ನೇ ಸೃಷ್ಟಿಸಿದರು: ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಹೊಡೆಯಲಾಗದ ಟ್ರಾಮೆಲ್, ಹಳೆಯ ನಿಯಮಗಳೇ ಉಳಿದ ಫೆಲುಕಾ. ಅಲ್ಲಿಂದ ಇಲ್ಲಿಯವರೆಗೆ ಆಟಗಳು ಕಂಡುಕೊಂಡಿರುವ ನಡುವಿನ ದಾರಿಗಳು ಹಲವು, ಹೊಸಬರಿಗೆ ಹೆಚ್ಚಾಗಿ ಹೊಂದುವುದು ಅವುಗಳಲ್ಲೇ ಒಂದು ಎಂಬುದು ನನ್ನ ಅನಿಸಿಕೆ.

ಎಲ್ಲಕ್ಕಿಂತ ಸರಳವಾದದ್ದು ಖಾಸಗಿ ಗುಂಪು. ಇಬ್ಬರು ಮೂವರು ಗೆಳೆಯರಿದ್ದರೆ ಬೇರೇನೂ ಯೋಚಿಸಬೇಕಿಲ್ಲ. ‘ವ್ಯಾಲ್‌ಹೈಮ್’ನಂತಹ ಆಟ ಹತ್ತು ಜನರವರೆಗೆ ಒಂದೇ ಜಗತ್ತನ್ನು ಹಂಚಿಕೊಳ್ಳಲು ಬಿಡುತ್ತದೆ. ಗೆಳೆಯರಿಲ್ಲದವರಿಗೂ ದಾರಿಯಿದೆ. ‘ಎಲೀಟ್’ನಲ್ಲಿ ಪರಸ್ಪರ ದಾಳಿ ಮಾಡುವುದಿಲ್ಲವೆಂಬ ಒಪ್ಪಂದದ ಮೇಲೆ ಆಟಗಾರರೇ ನಡೆಸುವ, ಸಾವಿರಾರು ಸದಸ್ಯರಿರುವ ಖಾಸಗಿ ಗುಂಪುಗಳಿವೆ, ಅವುಗಳನ್ನು ಸೇರಿದರೆ ಮನುಷ್ಯರ ಹಡಗುಗಳು ಎದುರಾಗುತ್ತವೆ, ಗುಂಡು ಎದುರಾಗುವುದಿಲ್ಲ. ಒಪ್ಪಂದವನ್ನು ಕಾಯುವುದು ಸಾಫ್ಟ್‌ವೇರ್ ಅಲ್ಲ, ಗುಂಪಿನ ನಿರ್ವಾಹಕರು. ಮುರಿದವರನ್ನು ಅವರು ಹೊರಹಾಕುತ್ತಾರೆ, ಆದರೆ ಅದು ಮುರಿದ ಮೇಲಿನ ಮಾತು.

ಎರಡನೆಯದು, ಇತರರ ಸುಳಿವು ಮಾತ್ರ ಕಾಣುವ ಆಟ. ‘ಎಲ್ಡನ್ ರಿಂಗ್’ ಅನ್ನು ಆನ್‌ಲೈನ್‌ನಲ್ಲಿ ಒಬ್ಬರೇ ಆಡಿದರೆ, ಇತರರು ನೆಲದ ಮೇಲೆ ಬರೆದಿಟ್ಟ ಎಚ್ಚರಿಕೆಗಳೂ ಅವರು ಸತ್ತ ಜಾಗದ ರಕ್ತದ ಕಲೆಗಳೂ ಕಾಣುತ್ತವೆ. ಸಹಾಯಕ್ಕೆ ಯಾರನ್ನಾದರೂ ಕರೆದಾಗ ಅಥವಾ ಬೇಕೆಂದೇ ಒಂದು ವಿಶೇಷ ವಸ್ತುವನ್ನು ಬಳಸಿ ಆಹ್ವಾನಿಸಿದಾಗ ಮಾತ್ರ ದಾಳಿಕೋರ ಆಟಗಾರ ನಿಮ್ಮ ಜಗತ್ತಿಗೆ ನುಗ್ಗಬಲ್ಲ. 2019ರ ‘ಡೆತ್ ಸ್ಟ್ರಾಂಡಿಂಗ್’ನಲ್ಲಿ ಯಾರೋ ಕಾಣದವರು ಹೊಳೆಗೆ ಹಾಕಿದ ಏಣಿ ನಿಮ್ಮ ದಾರಿಗೂ ಸೇತುವೆಯಾಗುತ್ತದೆ, ಹಾಕಿದವರು ಎಂದೂ ಎದುರಾಗುವುದಿಲ್ಲ.

ಮೂರನೆಯದು, ಜನರ ನಡುವೆ ಇದ್ದೂ ಸ್ವಾವಲಂಬಿಯಾಗಿರುವುದು. ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ನ ‘ಐರನ್‌ಮ್ಯಾನ್’ ಪಾತ್ರಧಾರಿಗಳು ಎಲ್ಲರಿರುವ ಜಗತ್ತಿನಲ್ಲೇ ನಡೆದಾಡುತ್ತಾರೆ, ಮಾತನಾಡುತ್ತಾರೆ, ಆದರೆ ಇತರರಿಂದ ಒಂದು ಸಾಮಾನನ್ನೂ ಕೊಳ್ಳುವಂತಿಲ್ಲ, ಪಡೆಯುವಂತಿಲ್ಲ. ಬೇಕಾದುದನ್ನೆಲ್ಲ ತಾವೇ ಗಳಿಸಬೇಕು. ಒಂಟಿಯಾಗಿ ಸಾಧಿಸಿದ ತೃಪ್ತಿಯೂ ಬೇಕು, ಅದನ್ನು ನೋಡುವವರೂ ಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನಾನು ಕಂಡಿಲ್ಲ.

ಏಳನೆಯ ಹೆಜ್ಜೆ: ಓಪನ್‌ಗೆ ಮೊದಲ ಬಾರಿ ಇಳಿಯುವಾಗ

ಕಲಿಕೆಯ ಭಾಗವನ್ನು ಸೋಲೋದಲ್ಲಿ ಮುಗಿಸಿಕೊಳ್ಳಿ, ಆದರೆ ಎಲ್ಲವೂ ಕರಗತವಾಗುವ ತನಕ ಕಾಯಬೇಡಿ. ಹಾಗೆ ಕಾದವರು ಅಷ್ಟರಲ್ಲಿ ದುಬಾರಿಯಾದ ಹಡಗು, ಅಪರೂಪದ ಕವಚ ಸಂಪಾದಿಸಿರುತ್ತಾರೆ, ಅವುಗಳನ್ನು ಕಳೆದುಕೊಳ್ಳುವ ಭಯದಿಂದ ಓಪನ್‌ಗೆ ಇಳಿಯುವುದೇ ಇಲ್ಲ. ಕಳೆದುಕೊಳ್ಳಲು ಹೆಚ್ಚೇನೂ ಇಲ್ಲದ ಆರಂಭದ ದಿನಗಳಲ್ಲೇ ನಾಲ್ಕು ಪೆಟ್ಟು ತಿಂದು ಕಲಿಯುವುದು ಅಗ್ಗ. ತಡವಾಗಿ ಇಳಿಯುವವರು ದುಬಾರಿ ಸಾಮಾನನ್ನೆಲ್ಲ ಗೋದಾಮಿನಲ್ಲಿಟ್ಟು, ಹೋದರೂ ನೋವಾಗದ ಸಜ್ಜಿನೊಂದಿಗೆ ಹೊರಡಲಿ.

ಜನ ಎಲ್ಲಿ ಸೇರುತ್ತಾರೆಂದು ಮೊದಲು ತಿಳಿಯಿರಿ, ಏಕೆಂದರೆ ಬೇಟೆಗಾರರೂ ಅಲ್ಲೇ ಸೇರುತ್ತಾರೆ. ಓಪನ್ ಎಂದರೆ ಎಲ್ಲೆಡೆ ಸಮಾನವಾಗಿ ಅಪಾಯವೆಂದಲ್ಲ. ‘ಎಲೀಟ್’ನ ಕೋಟ್ಯಂತರ ನಕ್ಷತ್ರಗಳಲ್ಲಿ ಗಂಟೆಗಟ್ಟಲೆ ಅಲೆದರೂ ಒಬ್ಬ ಮನುಷ್ಯನೂ ಸಿಗದಿರಬಹುದು, ಹೊಸಬರು ಹಡಗಿನ ಎಂಜಿನ್ ಸುಧಾರಿಸಲು ತಪ್ಪದೆ ಹೋಗುವ ಡೇಸಿಯಾಟ್ ವ್ಯವಸ್ಥೆಯಲ್ಲಿ ಮಾತ್ರ ಹೊಂಚು ಹಾಕುವವರು ಕಾದಿರುತ್ತಾರೆ. ಯಾವ ಆಟದಲ್ಲಾದರೂ ಹೊಸಬರೆಲ್ಲ ಹಾಯಲೇಬೇಕಾದ ಇಂತಹ ಒಂದೆರಡು ತಾಣಗಳಿರುತ್ತವೆ. ಅವುಗಳಿಗೆ ಸೋಲೋದಲ್ಲಿ ಹೋಗಿ, ಉಳಿದೆಡೆ ಓಪನ್‌ನಲ್ಲಿ ತಿರುಗಾಡಿ.

ಎದುರಿಗಿರುವುದು ಮನುಷ್ಯನೋ ಯಂತ್ರ ನಡೆಸುವ ಪಾತ್ರವೋ ಎಂದು ಗುರುತಿಸಲು ಕಲಿಯಿರಿ. ‘ಎಲೀಟ್’ನ ರೇಡಾರ್‌ನಲ್ಲಿ ಮನುಷ್ಯರ ಹಡಗು ಟೊಳ್ಳು ಗುರುತಾಗಿ, ಯಂತ್ರದ ಹಡಗು ತುಂಬಿದ ಗುರುತಾಗಿ ಕಾಣುತ್ತದೆ. ಟೊಳ್ಳು ಗುರುತು ನಿಮ್ಮ ಬೆನ್ನಿಗೆ ನೇರವಾಗಿ ಬರುತ್ತಿದ್ದರೆ ಮಾತಿಗೆ ಕಾಯಬೇಡಿ, ಮತ್ತೊಂದು ನಕ್ಷತ್ರಕ್ಕೆ ಜಿಗಿಯಿರಿ. ಅದೇ ವ್ಯವಸ್ಥೆಯೊಳಗೆ ಓಡಲು ಹೊರಟರೆ ಹತ್ತಿರದ ದೊಡ್ಡ ಹಡಗಿನ ಭಾರ ನಿಮ್ಮ ವೇಗವನ್ನು ತಡೆಹಿಡಿಯುತ್ತದೆ, ಬೇರೆ ವ್ಯವಸ್ಥೆಗೆ ಜಿಗಿಯುವಾಗ ಆ ತಡೆ ಇರುವುದಿಲ್ಲ. ಓಡುವ ದಾರಿಯನ್ನು ಮೊದಲೇ ನಿಗದಿ ಮಾಡಿಕೊಂಡು ಹೊರಡುವ ಈ ಅಭ್ಯಾಸ ಯಾವ ಆಟದಲ್ಲಾದರೂ ಕೆಲಸಕ್ಕೆ ಬರುತ್ತದೆ: ಕುದುರೆ ಎಲ್ಲಿದೆ, ದೋಣಿ ಎಲ್ಲಿದೆ, ಸುರಕ್ಷಿತ ಊರಿನ ಗಡಿ ಎಷ್ಟು ದೂರವಿದೆ.

ಹಾಗೆಂದು ಪ್ರತಿ ಅಪರಿಚಿತನನ್ನೂ ಶತ್ರುವೆಂದು ನೋಡಿದರೆ ಓಪನ್‌ಗೆ ಹೋದದ್ದೇ ವ್ಯರ್ಥ. ಎದುರಾದವರಲ್ಲಿ ಹೆಚ್ಚಿನವರು ತಮ್ಮ ಪಾಡಿಗೆ ತಾವು ಸಾಗುತ್ತಾರೆ, ಕೆಲವರು ನಮಸ್ಕಾರ ಹೇಳುತ್ತಾರೆ. ಇಂಧನ ಮುಗಿದು ತೇಲುತ್ತಿರುವವರಿಗೆ ಅಷ್ಟು ದೂರ ಬಂದು ಇಂಧನ ಕೊಟ್ಟುಹೋಗುವ ಆಟಗಾರರೂ ಅದೇ ‘ಎಲೀಟ್’ನಲ್ಲಿದ್ದಾರೆ.

ಎಂಟನೆಯ ಹೆಜ್ಜೆ: ಮಾತು, ಹೆಸರು, ಮಕ್ಕಳು

ಓಪನ್‌ನಲ್ಲಿ ಪಾತ್ರಕ್ಕೆ ಆಗುವ ನಷ್ಟಕ್ಕಿಂತ ವ್ಯಕ್ತಿಗೆ ಆಗಬಹುದಾದ ತೊಂದರೆಯ ಬಗ್ಗೆ ಹೆಚ್ಚು ಎಚ್ಚರ ಬೇಕು. ಆಟದ ಹೆಸರಿನಲ್ಲಿ ನಿಮ್ಮ ನಿಜ ಹೆಸರು, ಹುಟ್ಟಿದ ವರ್ಷ, ಊರು ಇರದಿರಲಿ. ಮೈಕ್ ಮೊದಲಿಗೆ ಆಫ್ ಇರಲಿ. ಮ್ಯೂಟ್, ಬ್ಲಾಕ್, ರಿಪೋರ್ಟ್ ಗುಂಡಿಗಳು ಎಲ್ಲಿವೆ ಎಂದು ಬೇಕಾಗುವ ಮುನ್ನವೇ ಹುಡುಕಿಟ್ಟುಕೊಳ್ಳಿ. ಸಿಟ್ಟಿನ ಗಳಿಗೆಯಲ್ಲಿ ಮೆನು ತಡಕಾಡುತ್ತ ಕೂತರೆ ಕೈ ತಾನಾಗಿ ಉತ್ತರ ಟೈಪ್ ಮಾಡಿಬಿಡುತ್ತದೆ. ಇನ್ನೊಂದು ತಾಂತ್ರಿಕ ಸಂಗತಿ: ಆಟಗಾರರ ಯಂತ್ರಗಳು ನೇರವಾಗಿ ಪರಸ್ಪರ ಮಾತಾಡುವ ಆಟಗಳಲ್ಲಿ ನಿಮ್ಮ ಐಪಿ ವಿಳಾಸ ಎದುರಿನವರಿಗೆ ಸಿಗಬಹುದು, ಎಲ್ಲವೂ ಕಂಪನಿಯ ಸರ್ವರ್ ಮೂಲಕವೇ ಹೋಗುವ ಆಟಗಳಲ್ಲಿ ಈ ಅಪಾಯ ಕಡಿಮೆ.

ಮಕ್ಕಳಿಗಾಗಿ ಆಯ್ಕೆ ಮಾಡುವವರು, ಡಬ್ಬಿಯ ಮೇಲಿನ ವಯಸ್ಸಿನ ಗುರುತು ಆಟದ ವಿಷಯಕ್ಕೆ ಸಂಬಂಧಿಸಿದ್ದೇ ಹೊರತು ಓಪನ್‌ನಲ್ಲಿ ಎದುರಾಗುವ ಜನರ ಮಾತಿಗಲ್ಲ ಎಂಬುದನ್ನು ನೆನಪಿಡಬೇಕು. ಉತ್ತರ ಅಮೆರಿಕದಲ್ಲಿ ಆಟಗಳಿಗೆ ಈ ಗುರುತು ಕೊಡುವ ಇಎಸ್‌ಆರ್‌ಬಿ ಸಂಸ್ಥೆ ಆನ್‌ಲೈನ್ ಸಂಭಾಷಣೆಗೆ ವಯಸ್ಸಿನ ಶ್ರೇಣಿ ಕೊಡುವುದಿಲ್ಲ. ಬಳಕೆದಾರರು ಪರಸ್ಪರ ಸಂಪರ್ಕಿಸಬಹುದು ಎಂಬ ಸೂಚನೆಯನ್ನಷ್ಟೇ ಹಾಕುತ್ತದೆ. ಚಿಕ್ಕ ಮಕ್ಕಳಿಗೆ ಸೋಲೋ ಅಥವಾ ಪರಿಚಿತರಷ್ಟೇ ಇರುವ ಗುಂಪು ಸರಿಯಾದ ಆರಂಭ. ಮುಕ್ತ ಚಾಟ್ ಅನ್ನು ಕನ್ಸೋಲ್‌ನ ಅಥವಾ ಖಾತೆಯ ಪೋಷಕ ನಿಯಂತ್ರಣದಲ್ಲೇ ಮುಚ್ಚಿಡಬಹುದು.

ಒಂಬತ್ತನೆಯ ಹೆಜ್ಜೆ: ಮೋಡ್ ಬದಲಿಸುವ ಮತ್ತು ಹೊರಬರುವ ಕ್ರಮ

ಬದಲಿಸುವುದು ಸಾಮಾನ್ಯವಾಗಿ ಮುಖ್ಯ ಮೆನುವಿಗೆ ಮರಳಿ ಬೇರೆ ಬಾಗಿಲಿನಿಂದ ಒಳಬರುವಷ್ಟೇ ಸುಲಭ. ಆದರೆ ಕಾದಾಟದ ನಡುವೆ ಹಾಗೆ ಮಾಡಬಾರದು. ‘ಎಲೀಟ್’ನಲ್ಲಿ ಅಪಾಯದಲ್ಲಿರುವಾಗ ಮೆನುವಿನಿಂದ ಹೊರಬರಲು 15 ಸೆಕೆಂಡ್ ಕಾಯಬೇಕು, ಅಷ್ಟು ಹೊತ್ತು ಹಡಗು ಎದುರಾಳಿಯ ಗುಂಡಿಗೆ ಒಡ್ಡಿಕೊಂಡೇ ಇರುತ್ತದೆ. ಅದನ್ನೂ ತಪ್ಪಿಸಲು ಇಂಟರ್‌ನೆಟ್ ತಂತಿಯನ್ನೇ ಕಿತ್ತರೆ ಅದನ್ನು ನಿಯಮಭಂಗವೆಂದು ಪರಿಗಣಿಸಲಾಗುತ್ತದೆ. ದೂರು ಹೋದರೆ ಕ್ರಮವೂ ಆಗಬಹುದು. ಹಿಂದಿನ ಹೆಜ್ಜೆಗಳ ಲೆಕ್ಕವನ್ನು ಒಳಹೋಗುವ ಮುನ್ನವೇ ಮಾಡಬೇಕೆನ್ನುವುದು ಇದಕ್ಕಾಗಿಯೇ.

ಒಂದು ಮೋಡ್‌ನಲ್ಲಿ ಸತತವಾಗಿ ಮೂರು ಬಾರಿ ಕಿರಿಕಿರಿಯಿಂದ ಎದ್ದಿದ್ದರೆ ನಾಲ್ಕನೆಯ ಬಾರಿ ಬೇರೆಯದನ್ನು ಆರಿಸಿ ನೋಡಿ. ಸೋಲೋದಲ್ಲಿ ಮಾಡಲು ಕೆಲಸ ಉಳಿದಿಲ್ಲವೆನಿಸಿದರೆ ಅದು ಓಪನ್‌ಗೆ ಹೊರಡುವ ಸಮಯ, ಓಪನ್‌ನಲ್ಲಿ ಆಟಕ್ಕಿಂತ ಹೆಚ್ಚಾಗಿ ರೇಡಾರ್ ನೋಡುತ್ತಿದ್ದೀರಿ ಎನಿಸಿದರೆ ಮರಳುವ ಸಮಯ.

ಕೊನೆಗೆ, ಬಾಡಿಗೆಯ ಸರ್ವರ್‌ನಲ್ಲಿ ಗೆಳೆಯರೊಡನೆ ಕಟ್ಟಿದ ಜಗತ್ತಿನಿಂದ ಸೋಲೋಗೆ ಹಿಂದಿರುಗುವವರು ಗಮನಿಸಬೇಕಾದ ಒಂದು ಕೆಲಸವಿದೆ. ‘ಮೈನ್‌ಕ್ರಾಫ್ಟ್ ರೆಲ್ಮ್ಸ್’ನಂತಹ ಚಂದಾ ಸೇವೆಯಲ್ಲಿ ಮಾಲೀಕರು ಮತ್ತು ಹತ್ತು ಗೆಳೆಯರು ಒಟ್ಟಿಗೆ ಆಡಬಹುದು, ಆದರೆ ಚಂದಾ ನಿಂತರೆ ಜಗತ್ತು ಮುಚ್ಚುತ್ತದೆ. ಆದ್ದರಿಂದ ಚಂದಾ ಮುಗಿಯುವ ದಿನಾಂಕಕ್ಕೆ ಮುನ್ನ ಮಾಲೀಕರ ಖಾತೆಯಿಂದ ಜಗತ್ತನ್ನು ಡೌನ್‌ಲೋಡ್ ಮಾಡಿಸಿ, ಅದು ಒಂಟಿ ಆಟದ ಪಟ್ಟಿಯಲ್ಲಿ ತೆರೆದುಕೊಳ್ಳುತ್ತದೆಯೇ ಎಂದು ಒಮ್ಮೆ ಒಳಹೊಕ್ಕು ನೋಡಿ, ಆಮೇಲೆ ಚಂದಾ ರದ್ದುಮಾಡಿ.